ವೈರಿಲ್ಲದ ಸಾಮಾನು

'ಟಕ್' ಎಂದು ಒಂದೇ ಸಲ ಸದ್ದಾಯಿತು. ಡಬ್ಬಿಯ ಮುಚ್ಚಳದ ಮೇಲೆ ಯಾರೋ ನಾಣ್ಯ ಇಟ್ಟಷ್ಟು ಸಣ್ಣ ಸದ್ದು. ಹೊಳೆನರಸೀಪುರದ ಆ ಮನೆಯಲ್ಲಿ ಓದುತ್ತಿದ್ದ ಮಗಳೊಬ್ಬಳನ್ನು ಬಿಟ್ಟು ಎಲ್ಲರೂ ಮಲಗಿ ಬಹಳ ಹೊತ್ತಾಗಿತ್ತು. ಅವಳ ಜೊತೆ ಎಚ್ಚರವಿದ್ದವಳು ನಾಗಲಕ್ಷ್ಮಿ ಒಬ್ಬಳೇ. ಫ್ರಿಡ್ಜು ನಡುಗಿ ನಿಲ್ಲುವುದು, ಹಜಾರದಲ್ಲಿ ಅತ್ತೆ ಮಾದಮ್ಮ ಮಗ್ಗುಲು ಬದಲಿಸಿದಾಗ ಬಳೆ ಗೋಡೆಗೆ ತಗುಲುವುದು, ಗಂಡ ಧರ್ಮೇಂದ್ರ ನಿದ್ದೆಯಲ್ಲೂ ಬಸ್ಸು ಕಳಿಸುವವನಂತೆ ಗಂಟಲು ಸರಿಮಾಡಿಕೊಳ್ಳುವುದು, ರಾತ್ರಿಯ ಈ ಸದ್ದುಗಳೆಲ್ಲ ಅವಳಿಗೆ ಗುರುತಿದ್ದವು. ಇದು ಗುರುತಿನದಲ್ಲ. ಬಂದದ್ದು ಮಗಳ ಕೋಣೆಯಿಂದ.

ಎದ್ದು ಹೋಗಿ ನೋಡಿದಳು. ತೇಜಶ್ರೀ ಆಗಷ್ಟೇ ಪುಸ್ತಕ ಮುಚ್ಚಿ, ದೀಪ ಆರಿಸಿ, ದಿಂಬಿಗೆ ತಲೆ ಕೊಟ್ಟಿದ್ದಳು.

"ಏನಮ್ಮ?"

"ಏನೋ ಟಕ್ ಅಂತು."

"ಹಲ್ಲಿ ಬಿದ್ದಿರ್ಬೇಕು. ಹೋಗಿ ಮಲಗು."

"ಹಲ್ಲಿ ಬಿದ್ರೆ ತಪ್ ಅನ್ನುತ್ತೆ. ಇದು ಟಕ್ ಅಂತು."

"ಹಲ್ಲಿ ವಿಷ್ಯದಲ್ಲಿ ನೀನೇ ಪ್ರೊಫೆಸರು ಬಿಡು," ಎಂದು ತೇಜಶ್ರೀ ನಕ್ಕಳು. ನಗುತ್ತಲೇ ಮಣಿಕಟ್ಟಿನ ಮೇಲೆ ಬೆರಳಿಟ್ಟುಕೊಂಡಳು. "ಇಷ್ಟು ಹೊತ್ತೂ ಎದೆ ಒಂಥರಾ ಹೊಡ್ಕೊತಿತ್ತಮ್ಮ. ಈಗ ಸರಿಹೋಯ್ತು."

ಆ ಮಾತು ಕೇಳಿದ ಮೇಲೆ ನಾಗಲಕ್ಷ್ಮಿಗೆ ನಿದ್ದೆ ಎಲ್ಲಿಂದ ಬರಬೇಕು?

ತೇಜಶ್ರೀಯ ಎಡಗಡೆಯ ಕೊರಳೆಲುಬಿನ ಕೆಳಗೆ, ಚರ್ಮದ ಒಳಗೆ, ಬೆಂಕಿಪೊಟ್ಟಣದಷ್ಟು ಅಗಲದ ಪೇಸ್‌ಮೇಕರ್ ಇತ್ತು. ಮೂರನೇ ಕ್ಲಾಸಿನಲ್ಲಿದ್ದಾಗ ಶಾಲೆಯ ಪ್ರಾರ್ಥನೆಯ ಸಾಲಿನಲ್ಲಿ ನಿಂತಲ್ಲೇ ಕುಸಿದು ಬಿದ್ದಿದ್ದಳು. ಹೃದಯದ ಮೇಲಿನ ಕೋಣೆ ಕಳಿಸುವ ಸುದ್ದಿ ಕೆಳಗಿನ ಕೋಣೆಗೆ ತಲುಪುತ್ತಿಲ್ಲ, ಹುಟ್ಟಿನಿಂದಲೇ ಹೀಗೆ, ಎಂದರು ಮೈಸೂರಿನ ಡಾಕ್ಟರ್ ಷಡಕ್ಷರಿ. ಅಂದಿನಿಂದ ಸುದ್ದಿ ತಲುಪಿಸುವ ಕೆಲಸ ಆ ಮಿಷನ್ನಿನದು. ಪಿಯುಸಿ ಮುಗಿದಾಗ ಹಳೆಯದನ್ನು ತೆಗೆಸಿ ಹೊಸದು ಹಾಕಿಸಿದ್ದಾಗಿತ್ತು. ಮಾದಮ್ಮ ಅದಕ್ಕೆ ಗಡಿಯಾರ ಎನ್ನುತ್ತಿದ್ದಳು. "ನಮ್ ಕೂಸಿನ ಗಡಿಯಾರ ನಿಲ್ದಂಗೆ ಕಾಯಪ್ಪ," ಎಂದು ಗೋಡೆಯ ಮೇಲಿನ ಬುದ್ಧನಿಗೂ, ಪಕ್ಕದಲ್ಲಿದ್ದ ಬಾಬಾಸಾಹೇಬರಿಗೂ, ಬೀದಿ ಕೊನೆಯ ಮಾರಮ್ಮನಿಗೂ ಭೇದವಿಲ್ಲದೆ ಕೈಮುಗಿಯುತ್ತಿದ್ದಳು.

ಆ ಮನೆಯ ಕಾಯಿದೆಗಳೆಲ್ಲ ಹುಟ್ಟಿದ್ದು ಆ ಗಡಿಯಾರದ ಸುತ್ತಲೇ. ಕಾಯಿದೆ ಮಾಡಿದವಳು ನಾಗಲಕ್ಷ್ಮಿ. ಬಿ.ಎ. ಓದಿದ್ದಳು, ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದಳು, ಒಂದು ಮಾತು ಆಡುವ ಮೊದಲು ಎರಡು ಸಲ ಯೋಚಿಸುವವಳು. ಮಿಕ್ಸಿ ಓಡುವಾಗ ಮಗು ಅಡಿಗೆಮನೆಗೆ ಬರಬಾರದು. ಇಂಡಕ್ಷನ್ ಒಲೆ ಬೇಡ. ಫೋನು ಬಲ ಕಿವಿಗೆ. ಅತ್ತೆಗೆ ನೆನಪಿರಲೆಂದು ಇಷ್ಟನ್ನೂ ಒಂದೇ ಮಾತಿಗೆ ಇಳಿಸಿದ್ದಳು: "ವೈರಿರೋ ಸಾಮಾನು, ಕರೆಂಟಿನ ಸಾಮಾನು ಅವಳ ಎದೆ ಹತ್ರ ತರಬೇಡಿ ಅತ್ತೆ." ಮಾದಮ್ಮ ಅದನ್ನು ಎಷ್ಟು ನಿಷ್ಠೆಯಿಂದ ಪಾಲಿಸುತ್ತಿದ್ದಳೆಂದರೆ, ಮೊಮ್ಮಗಳು ಮಲಗಿದ ಮೇಲೆ ಟೇಬಲ್ ಫ್ಯಾನನ್ನು ಹಜಾರಕ್ಕೆ ತಂದು ತಾನೇ ಗಾಳಿ ಹಾಕಿಸಿಕೊಳ್ಳುತ್ತಿದ್ದಳು.

ಈಗ ತೇಜಶ್ರೀ ಹಾಸನದಲ್ಲಿ ಎಂಬಿಬಿಎಸ್ ಮುಗಿಸಿ ಇಂಟರ್ನ್‌ಶಿಪ್ಪಿನ ಕೊನೆಯ ತಿಂಗಳುಗಳಲ್ಲಿದ್ದಳು. ಶನಿವಾರ ಸಂಜೆ ಊರಿಗೆ ಬರುತ್ತಿದ್ದಳು. ಅವಳು ಹಾಸನದಲ್ಲಿ ಬಸ್ಸು ಹತ್ತುತ್ತಿದ್ದಂತೆಯೇ ಸುದ್ದಿ ಮನೆಗೆ ಮುಟ್ಟುತ್ತಿತ್ತು. ಧರ್ಮೇಂದ್ರ ಹೊಳೆನರಸೀಪುರದ ಬಸ್ ನಿಲ್ದಾಣದಲ್ಲಿ ಟ್ರಾಫಿಕ್ ಕಂಟ್ರೋಲರ್. ಆ ದಾರಿಯ ಕಂಡಕ್ಟರುಗಳೆಲ್ಲ ಅವನ ಗೂಢಚಾರರು. "ಅಣ್ಣ, ಡಾಕ್ಟ್ರಮ್ಮ ಅತ್ತವ್ರೆ, ಕಿಟಕಿ ಪಕ್ಕ ಕೂರ್ಸಿದೀನಿ," ಎಂದು ಫೋನು ಬರುತ್ತಿತ್ತು.

ಮುಂದಿನ ಶನಿವಾರವೂ ಎದೆ ಹೊಡೆದುಕೊಂಡಿತು. ಅದರ ಮುಂದಿನ ವಾರ ತಲೆಯೂ ಸುತ್ತಿತು. ಮನೆಯಲ್ಲಿ ಒಬ್ಬೊಬ್ಬರು ಒಂದೊಂದು ಕಾರಣ ಹುಡುಕಿದರು.

"ನಿದ್ದೆ ಇಲ್ಲ, ಅಷ್ಟೇಯ," ಎಂದ ಧರ್ಮೇಂದ್ರ. "ಮೂವತ್ತಾರು ಗಂಟೆ ಡ್ಯೂಟಿ ಆಕ್ದ್ರೆ ನಮ್ ಡಿಪೋ ಬಸ್ಸೇ ಕೆಟ್ಟು ನಿಲ್ತವೆ."

"ದಿಷ್ಟಿ ಕಣ್ಲಾ," ಎಂದಳು ಮಾದಮ್ಮ. "ಬಿಳಿ ಕೋಟು ಆಕ್ಕಂಡು ಬೀದೀಲಿ ಬತ್ತಾಳೆ, ಜನ ಸುಮ್ಕೆ ನೋಡ್ತಾರಾ?"

"ಅಜ್ಜಿ, ನಾನು ಕೋಟು ಹಾಸ್ಟೆಲಲ್ಲೇ ಬಿಟ್ಟು ಬರ್ತೀನಿ."

"ಬುಟ್ಬಂದ್ರೂ ಗೊತ್ತಾಗ್ತದೆ ಬುಡು."

ತೇಜಶ್ರೀಗೆ ಭಯಕ್ಕಿಂತ ಮೊದಲು ಹುಟ್ಟಿದ್ದು ಸೋಜಿಗ. ಭಾನುವಾರ ಬೆಳಿಗ್ಗೆ ಅಕ್ಕಿ ರೊಟ್ಟಿ ತಟ್ಟುತ್ತಿದ್ದ ತಾಯಿಯ ಪಕ್ಕ ಕಟ್ಟೆಯ ಮೇಲೆ ಕುಳಿತು ಹೇಳಿದಳು: "ಹಾಸನದಲ್ಲಿ ಒಂದು ದಿನಾನೂ ಆಗಲ್ಲಮ್ಮ. ರಾತ್ರಿಯೆಲ್ಲ ವಾರ್ಡಲ್ಲಿ ಓಡಾಡಿದ್ರೂ ಆಗಲ್ಲ. ಇಲ್ಲಿ ಬಂದು ಹಾಯಾಗಿ ಮಲ್ಕೊಂಡು ಓದೋವಾಗ್ಲೇ ಆಗುತ್ತೆ. ನಾಡಿ ಎಣಿಸಿದೆ. ಎಂಬತ್ತೈದು. ಐದು ನಿಮಿಷ ಬಿಟ್ಟು ಎಣಿಸಿದ್ರೂ ಎಂಬತ್ತೈದು. ಮನುಷ್ಯರ ಹೃದಯ ಇಷ್ಟು ಶಿಸ್ತಾಗಿರಲ್ಲ."

"ಓದಿ ಮುಗಿಸಿ ಮಲಗಿದ ಮೇಲೆ?"

"ಅದೇ ವಿಚಿತ್ರ. ಮಲಗ್ತಿದ್ದಂಗೇ ನಿಂತೋಗುತ್ತೆ."

ಅವಳು ಓದುತ್ತಿದ್ದದ್ದು ಚಿಕ್ಕಂದಿನಿಂದ ಒಂದೇ ರೀತಿ: ಅಜ್ಜನ ಕಾಲದ ಕಬ್ಬಿಣದ ಮಂಚದ ಮೇಲೆ ಬೋರಲಾಗಿ, ಎದೆಯ ಕೆಳಗೆ ದಿಂಬು ಕೊಟ್ಟುಕೊಂಡು. ನಾಗಲಕ್ಷ್ಮಿ ರೊಟ್ಟಿ ಮಗುಚಿದಳು. ಸದ್ದಿನ ಮಾತು ನಾಲಿಗೆಯವರೆಗೂ ಬಂದಿತ್ತು. ಮತ್ತೆ ಹಲ್ಲಿಯ ಪ್ರೊಫೆಸರು ಅನ್ನಿಸಿಕೊಳ್ಳುವುದು ಬೇಡವೆಂದು ನುಂಗಿಕೊಂಡಳು.

ಆ ಹೊತ್ತಿಗೇ ಮನೆಯಲ್ಲಿ ಇನ್ನೊಂದು ಜಗಳ ಬೇಯುತ್ತಿತ್ತು. ಪಿಜಿ ಪರೀಕ್ಷೆಯ ಫಲಿತಾಂಶ ಬಂದಿತ್ತು. ತೇಜಶ್ರೀಗೆ ಒಳ್ಳೆಯ ರ್‍ಯಾಂಕು. ಯಾವ ವಿಷಯ ಬೇಕೆಂದು ಆನ್‌ಲೈನಿನಲ್ಲಿ ಸಾಲಾಗಿ ಆರಿಸಿ ಹಾಕಬೇಕಿತ್ತು. ಅವಳಿಗೆ ಬೇಕಾಗಿದ್ದದ್ದು ಅರಿವಳಿಕೆ, ಆಪರೇಷನ್ನಿಗೆ ಮಂಪರು ಕೊಡುವ ಡಾಕ್ಟರಿಕೆ.

"ಪೆಥಾಲಜಿ ತಗೊ ಅಂದ್ರೆ ನಿಂಗೆ ಏನು ಕಷ್ಟ?" ಎಂದು ರಾತ್ರಿ ಊಟಕ್ಕೆ ಕೂತಾಗ ಧರ್ಮೇಂದ್ರ ಶುರುಮಾಡಿದ. "ಒಂದು ರೂಮು, ಒಂದು ಫ್ಯಾನು, ಒಂದು ಮೈಕ್ರೋಸ್ಕೋಪು. ಐದೂವರೆ ಬಸ್ಸಿಗೆ ಅತ್ತಿದ್ರೆ ಆರೂವರೆಗೆ ಮನೆ."

"ಅಪ್ಪ, ನೀನು ಎಲ್ಲಿಂದ ಹೊರಟ್ರೂ ಬಸ್ ಟೈಮಿಗೆ ಬಂದು ನಿಲ್ತೀಯ."

"ತಮಾಷೆ ಬ್ಯಾಡ. ಥಿಯೇಟ್ರಲ್ಲಿ ಎಲ್ಲಾ ಕರೆಂಟು. ಪೇಶೆಂಟ್ ಮಲಗವ್ನೆ, ನೀನು ನಿಂತಿದೀಯ, ನಿಂಗೇ ತಲೆ ಸುತ್ತಿದ್ರೆ? ಯಾರು ಯಾರ್ನ ನೋಡ್ಕಬೇಕು?"

ತೇಜಶ್ರೀ ಮುದ್ದೆ ಮುರಿಯುತ್ತಿದ್ದ ಕೈ ನಿಲ್ಲಿಸಿದಳು. "ನನ್ನ ಒಳಗೆ ಎರಡು ಸಲ ಕೈ ಹಾಕಿದಾರಪ್ಪ. ಎರಡು ಸಲಾನೂ ಕಣ್ಣು ಮುಚ್ಚೋ ಮುಂಚೆ ಕೊನೇಲಿ ಕಂಡಿದ್ದು, ತಲೆ ಹತ್ರ ನಿಂತಿದ್ದ ಮಂಪರು ಡಾಕ್ಟರ ಮುಖ. ನಾನು ಎಚ್ಚರ ಆಗೋವರೆಗೂ ಅವ್ರು ಅಲ್ಲೇ ನಿಂತಿದ್ರು. ನಂಗೆ ಆ ಕೆಲ್ಸ ಬೇಕು."

"ಉಣ್ಣಾಕೆ ಬುಡ್ಲಾ ಮಗೀನ," ಎಂದಳು ಮಾದಮ್ಮ.

"ನೀನು ಸುಮ್ಕಿರವ್ವ. ಲಕ್ಷ್ಮಿ, ನೀನಾದ್ರೂ ಏಳು."

ನಾಗಲಕ್ಷ್ಮಿ ಸಾರು ಬಡಿಸಿದಳು. ಮಗಳು ಹೇಳಿದ್ದು ನ್ಯಾಯವಾಗಿತ್ತು. ಗಂಡ ಹೇಳಿದ ಕೋಣೆ, ಫ್ಯಾನು, ಐದೂವರೆಯ ಬಸ್ಸು, ಅವೂ ಕಣ್ಣ ಮುಂದೆ ಚೆನ್ನಾಗಿಯೇ ಕಂಡವು. "ಮೊದ್ಲು ಮೈಸೂರಿಗೆ ಹೋಗಿ ತೋರಿಸ್ಕೊಂಡು ಬರೋಣ," ಎಂದಳು.

ಮೈಸೂರಿನಲ್ಲಿ ತೇಜಶ್ರೀಯ ಎದೆಯ ಮೇಲೆ ಕಂಪ್ಯೂಟರಿನ ಮೌಸಿನಂಥದೊಂದನ್ನು ಇಟ್ಟು, ಮಿಷನ್ನು ಒಳಗೆ ಬರೆದಿಟ್ಟುಕೊಂಡಿದ್ದನ್ನೆಲ್ಲ ಪರದೆಯ ಮೇಲೆ ತೆಗೆದರು. ಷಡಕ್ಷರಿಯವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಬ್ಯಾಟರಿ ಚೆನ್ನಾಗಿದೆ. ತಂತಿ ಚೆನ್ನಾಗಿದೆ. ಆದ್ರೆ ನೀನು ಹೇಳೋ ಶನಿವಾರ ರಾತ್ರಿಗಳಲ್ಲಿ ಇದು ಹೃದಯದ ಮಾತು ಕೇಳೋದನ್ನೇ ಬಿಟ್ಟು, ತನ್ನ ಪಾಡಿಗೆ ಒಂದೇ ವೇಗದಲ್ಲಿ ಹೊಡ್ಕೊಂಡು ಹೋಗಿದೆ. ಆಯಸ್ಕಾಂತ ಹತ್ತಿರ ಬಂದ್ರೆ ಹೀಗೆ ಮಾಡುತ್ತೆ. ಅಂಥದ್ದು ಏನಾದ್ರೂ ಇದೆಯಾ? ಹೆಡ್‌ಫೋನು, ಬ್ಯಾಗಿನ ಗುಂಡಿ?"

"ಇಲ್ಲ ಸರ್. ನಾನೂ ಅದನ್ನೇ ಯೋಚಿಸಿ ಎಲ್ಲಾ ನೋಡಿದೆ."

"ಹಾಗಿದ್ರೆ ಒಂದು ತಿಂಗಳು ನೋಡೋಣ. ಮಿಷನ್ನಲ್ಲೇ ದೋಷ ಇದ್ರೂ ಇರಬಹುದು."

ಧರ್ಮೇಂದ್ರ ಕೈಕಟ್ಟಿ ನಿಂತ. "ಸಾ, ಇವ್ಳು ಆಪರೇಷನ್ ಥಿಯೇಟ್ರಲ್ಲಿ ಕೆಲ್ಸ ಮಾಡಬೌದಾ ಸಾ?"

"ಧಾರಾಳವಾಗಿ. ರಕ್ತ ನಿಲ್ಲಿಸೋಕೆ ಸುಡೋ ಉಪಕರಣದಿಂದ ಒಂದು ಮೊಳ ದೂರ ಇದ್ರೆ ಸಾಕು, ಎಂಆರ್‌ಐ ಕೋಣೆಗೆ ಹೋಗೋ ಮುಂಚೆ ಕೇಳ್ಬೇಕು. ಆದ್ರೆ ಇದು ಏನು ಅಂತ ಗೊತ್ತಾಗೋವರೆಗೆ ಮಾತ್ರ..."

ಧರ್ಮೇಂದ್ರನ ಕಿವಿಗೆ ಬಿದ್ದದ್ದು 'ಆದ್ರೆ' ಒಂದೇ. ಊರು ತಲುಪುವಷ್ಟರಲ್ಲಿ ಅರಕಲಗೂಡಿನ ತನ್ನ ಸೋದರಮಾವ ಗುಂಡಯ್ಯನಿಗೂ ಫೋನು ಮಾಡಿ, ನಮ್ಮ ಹುಡುಗಿ ಪೆಥಾಲಜಿ ಮಾಡ್ತಾಳೆ ಎಂದು ಹೇಳಿಯೇಬಿಟ್ಟ. ಆಯ್ಕೆಗಳನ್ನು ಸಲ್ಲಿಸಲು ಮುಂದಿನ ಶನಿವಾರ ಕೊನೆಯ ದಿನ. ತೇಜಶ್ರೀ ಕಿಟಕಿಯ ಕಡೆ ಮುಖ ಮಾಡಿ, ಮಣಿಕಟ್ಟು ಹಿಡಿದುಕೊಂಡೇ ಕುಳಿತಿದ್ದಳು.

ಸೋಮವಾರ ನಾಗಲಕ್ಷ್ಮಿ ಕಚೇರಿಗೆ ರಜೆ ಹಾಕಿದಳು. ಮಾದಮ್ಮ ಪಕ್ಕದ ಮನೆಯ ಹೊನ್ನಕ್ಕನ ಜೊತೆ ಪೇಟೆಯ ಬಿಸಿ ಹಾಸಿಗೆಯ ಸೆಂಟರಿಗೆ ಹೋಗಿದ್ದಳು. ಕೆಲವು ತಿಂಗಳ ಹಿಂದೆ ತೆರೆದಿದ್ದ ಅಂಗಡಿ ಅದು. ವಯಸ್ಸಾದವರನ್ನು ಪುಕ್ಕಟೆಯಾಗಿ ಬೆಚ್ಚನೆಯ ಹಾಸಿಗೆಯ ಮೇಲೆ ಮಲಗಿಸಿ, ಆಮೇಲೆ ಚಪ್ಪಾಳೆ ತಟ್ಟಿಸಿ, ಹಾಸಿಗೆಯ ಗುಣಗಾನ ಮಾಡಿಸಿ ಕಳಿಸುತ್ತಿದ್ದರು. ಬೀದಿಯ ಮುದುಕಿಯರಿಗೆಲ್ಲ ಅದು ಬೆಳಗಿನ ಕಾಲೇಜು.

ಮಗಳ ಕೋಣೆಯಲ್ಲಿ ನಿಂತು ನಾಗಲಕ್ಷ್ಮಿ ಸುತ್ತಲೂ ನೋಡಿದಳು. ಡಾಕ್ಟರು ಆಯಸ್ಕಾಂತ ಎಂದಾಗಿನಿಂದ ಅವಳ ತಲೆಯಲ್ಲಿ ಒಂದೇ ಪ್ರಶ್ನೆ ಇತ್ತು: ಆ 'ಟಕ್' ಎಲ್ಲಿಂದ ಬಂತು? ಆಯಸ್ಕಾಂತ ಎಲ್ಲಿದೆ ಎಂಬುದು ತಿಳಿಯದೆ ಹೋದರೂ ಕಬ್ಬಿಣ ಎಲ್ಲಿದೆ ಎಂಬುದು ಗೊತ್ತಿತ್ತಲ್ಲ. ಮಗಳು ಮಲಗುವ ಹಾಗೆ ಬೋರಲಾಗಿ ಮಲಗಿ, ದಿಂಬನ್ನು ಎದೆಯ ಕೆಳಗೆ ಇಟ್ಟುಕೊಂಡಳು. ಪುಸ್ತಕ ಮುಚ್ಚಿದವಳಂತೆ ನಟಿಸಿ, ದಿಂಬನ್ನು ಎಳೆದು ಮಂಚದ ತಲೆಕಡೆಯ ಸರಳಿಗೆ ಒತ್ತಿದಳು.

ಟಕ್ ಎಂದಿತು.

ದಿಂಬಿನ ಅಂಚಿನಲ್ಲಿ ಹೊಲಿಗೆ ಬಿಚ್ಚಿ ಮತ್ತೆ ಹಾಕಿದ ಗುರುತಿತ್ತು. ಸಣ್ಣ, ಒತ್ತಾದ, ಓರೆ ಹೊಲಿಗೆ. ಆ ಮನೆಯಲ್ಲಿ ಹಾಗೆ ಹೊಲಿಯುವವರು ಒಬ್ಬರೇ. ಬ್ಲೇಡಿನಿಂದ ಬಿಚ್ಚಿದಾಗ ಹತ್ತಿಯ ನಡುವೆ ಹಳೆಯ ಸೀರೆಯ ತುಂಡಿನ ಗಂಟು ಸಿಕ್ಕಿತು. ಒಳಗೆ ಮೊಮ್ಮಗಳ ಹೆಸರಿನಲ್ಲಿ ಮಾರಮ್ಮನ ಕುಂಕುಮ ಮೆತ್ತಿದ, ಅಂಗೈ ಅಗಲದ ಕಪ್ಪು ಬಿಲ್ಲೆ.

ಮಾದಮ್ಮ ಬಂದು ಚಪ್ಪಲಿ ಬಿಡುತ್ತಿದ್ದಂತೆ ನಾಗಲಕ್ಷ್ಮಿ ಅದನ್ನು ಮುಂದೆ ಹಿಡಿದಳು. "ಏನತ್ತೆ ಇದು?"

"ಅಯ್ಯೋ, ಅದ್ಯಾಕೆ ತಗ್ದೆ? ಸೂಜಿಗಲ್ಲು ಕಣವ್ವ. ಸೆಂಟ್ರಲ್ಲಿ ಕೊಟ್ರು. ನಾನು ಒಸಬರ್ನ ಕರ್ಕೊಂಡೋದೆ ಅಂತ ಬವುಮಾನ. ಮಲಗೋವಾಗ ಮೈ ಅತ್ರ ಇದ್ರೆ ರಕ್ತ ಸಲೀಸಾಗಿ ಓಡಾಡ್ತದಂತೆ. ನಂಗ್ಯಾಕೆ, ಕೂಸಿಗಾಗ್ಲಿ ಅಂತ..."

"ಅವಳ ಎದೆ ಹತ್ರ ಏನೂ ತರಬೇಡಿ ಅಂತ ಹೇಳಿರ್ಲಿಲ್ವಾ?"

"ನೀನು ವೈರಿರೋದು ತರಬ್ಯಾಡಿ ಅಂದಿದ್ದೆ. ಕರೆಂಟಿಂದು ತರಬ್ಯಾಡಿ ಅಂದಿದ್ದೆ." ಮಾದಮ್ಮನಿಗೆ ನಿಜಕ್ಕೂ ಅರ್ಥವಾಗಿರಲಿಲ್ಲ. "ಇದ್ಕೆ ವೈರೇ ಇಲ್ಲ. ಸೆಲ್ಲೂ ಇಲ್ಲ. ನಾನು ಎರಡು ದಪ ತಿರುಗ್ಸಿ ನೋಡೇ ತಂದಿದ್ದು."

ನಾಗಲಕ್ಷ್ಮಿ ಅಲ್ಲೇ ಕುಳಿತುಬಿಟ್ಟಳು. ಕಾಯಿದೆಯನ್ನು ಅಷ್ಟು ಚಿಕ್ಕದಾಗಿ ಕತ್ತರಿಸಿ ಕೊಟ್ಟವಳು ತಾನೇ. ಸಮಾಧಾನವಾಗಿ, ಬಿಡಿಸಿ ಬಿಡಿಸಿ ಹೇಳಿದಳು: ಈ ಬಿಲ್ಲೆ ಗಡಿಯಾರದ ಮೇಲೆ ಬಂದರೆ ಗಡಿಯಾರ ಕಿವುಡಾಗುತ್ತದೆ, ಹೃದಯ ಏನು ಹೇಳಿದರೂ ಕೇಳದೆ ಹೊಡೆಯುತ್ತದೆ, ಅದಕ್ಕೇ ತಲೆಸುತ್ತು. ಕೇಳುತ್ತಾ ಕೇಳುತ್ತಾ ಮಾದಮ್ಮನ ಕೈಯ ಎಲೆಯಡಿಕೆಯ ಚೀಲ ನೆಲಕ್ಕೆ ಜಾರಿತು.

"ನಾನಾ? ನಾನು ಮಾಡಿದ್ದಾ ಇದು?"

"ಬೇಕಂತ ಮಾಡಿದ್ದಲ್ಲವಲ್ಲ."

"ಮಗೀಗೆ ಈಗ್ಲೇ ಪೋನ್ ಮಾಡು ನಾಗ. ಎದ್ರಕಂಡು ಕುಂತದೆ ಅದು."

"ನಾನು ಹೇಳ್ತೀನಿ. ನೀವು ಯಾರಿಗೂ ಹೇಳ್ಬೇಡಿ. ಅವರಿಗಂತೂ ಬೇಡ. ಮನೆ ಎತ್ತಿ ಹಾಕ್ತಾರೆ."

ಬಿಲ್ಲೆಯನ್ನು ಬೀರುವಿನಲ್ಲಿ, ಸೀರೆಗಳ ಅಡಿಗೆ ಇಟ್ಟಳು. ಫೋನು ಕೈಗೆತ್ತಿಕೊಂಡಳು. ತೇಜಶ್ರೀ ಎತ್ತಿದಾಗ, "ಊಟ ಆಯ್ತಾ?" ಎಂದು ಕೇಳಿದಳು. ಆಯ್ತು ಎಂದಳು. "ಎದೆ?" ಏನಿಲ್ಲ ಎಂದಳು. "ಸರಿ, ಡ್ಯೂಟಿ ಮುಗಿಸಿ ಮಲಗು," ಎಂದು ಫೋನು ಇಟ್ಟುಬಿಟ್ಟಳು.

ಮಂಗಳವಾರವೂ ಹಾಗೇ ಆಯಿತು. ಬುಧವಾರ ಮಗಳೇ ಮಾಡಿದಳು.

"ಅಮ್ಮ, ನಾನು ಅಪ್ಪ ಹೇಳಿದ್ದನ್ನೇ ಮೊದಲು ಹಾಕ್ತೀನಿ. ಪೆಥಾಲಜಿ."

ನಾಗಲಕ್ಷ್ಮಿ ಕಚೇರಿಯ ವರಾಂಡದಲ್ಲಿ ನಿಂತಿದ್ದಳು. ಒಂದೇ ಒಂದು ಮಾತು ಸಾಕಾಗಿತ್ತು. ಮಿಷನ್ನು ಸರಿಯಾಗಿದೆ ಮಗಳೇ, ನಿನ್ನಲ್ಲಿ ಏನೂ ದೋಷವಿಲ್ಲ. ಹಾಗೆಂದರೆ ಮುಂದಿನ ಇಪ್ಪತ್ತು ಮೂವತ್ತು ವರ್ಷ ಹುಡುಗಿ ರಾತ್ರಿ ಎರಡು ಗಂಟೆಗೆ ಎದ್ದು ಥಿಯೇಟರಿಗೆ ಓಡುತ್ತಾಳೆ. ಅನ್ನದಿದ್ದರೆ ಐದೂವರೆಯ ಬಸ್ಸು.

"ನಿನಗೆ ಯಾವುದು ಸರಿ ಕಾಣುತ್ತೋ ಅದು," ಎಂದಳು. ಬಹಳ ಜೋಡಿಸಿದ ಮಾತು.

ಆ ರಾತ್ರಿ ಮಾದಮ್ಮ ಅರ್ಧ ಮುದ್ದೆಗೇ ಎದ್ದುಬಿಟ್ಟಳು. "ಯಾಕವ್ವ, ಸೆಂಟ್ರಲ್ಲಿ ತಿಂಡಿ ಕೊಟ್ರಾ?" ಎಂದು ಧರ್ಮೇಂದ್ರ ರೇಗಿಸಿದ. "ಆ ಸೆಂಟ್ರಿಗೆ ಓಗೋದು ಬುಟ್ಟೆ ಕಣ್ಲಾ," ಎಂದಷ್ಟೇ ಹೇಳಿ, ಸೊಸೆಯ ಮುಖ ನೋಡಿ, ಒಳಗೆ ಹೋದಳು. ಪಾತ್ರೆ ತೊಳೆಯುವಾಗ ಪಕ್ಕ ಬಂದು ನಿಂತು ಕೇಳಿದಳು: "ಏಳಿದ್ಯಾ?"

"ಹೇಳ್ತೀನಿ ಅತ್ತೆ. ಫೋನಲ್ಲಿ ಹೇಳೋ ಮಾತಲ್ಲ ಅದು."

ಮಾದಮ್ಮ ತೊಳೆದ ತಟ್ಟೆಯನ್ನು ಒರೆಸಿ ಕವುಚಿ ಹಾಕಿದಳು.

ಶುಕ್ರವಾರ ನಾಗಲಕ್ಷ್ಮಿ ಒಬ್ಬಟ್ಟಿನ ಡಬ್ಬಿ ಹಿಡಿದು ಹಾಸನಕ್ಕೆ ಹೋದಳು. ಯಾಕೆ ಹೊರಟೆ ಎಂದು ತನಗೇ ಸ್ಪಷ್ಟವಿರಲಿಲ್ಲ. ಆಸ್ಪತ್ರೆಯ ಬಾಗಿಲಲ್ಲಿ ಮಗಳ ಗೆಳತಿ ದಿವ್ಯಾ ಸಿಕ್ಕಳು. ಚನ್ನರಾಯಪಟ್ಟಣದ ಹುಡುಗಿ, ಮಾತುಗಾತಿ.

"ಆಂಟಿ, ನೀವು ಬಂದಿದ್ದು ಒಳ್ಳೇದಾಯ್ತು. ತೇಜು ಈ ವಾರ ಥಿಯೇಟರ್ ಡ್ಯೂಟಿ ಬೇರೆಯವ್ರಿಗೆ ಕೊಟ್ಟುಬಿಟ್ಲು. ಮೆಟ್ಟಿಲು ಹತ್ತಲ್ಲ, ಲಿಫ್ಟಿಗೆ ಕಾಯ್ತಾಳೆ. ರೌಂಡ್ಸಲ್ಲಿ ಪೇಶೆಂಟ್ ನಾಡಿ ಹಿಡೀಬೇಕಾದೋಳು ತನ್ನದೇ ಹಿಡ್ಕೊಂಡು ನಿಂತಿರ್ತಾಳೆ. ಐದು ವರ್ಷದಲ್ಲಿ ಅವಳು ಹೆದರಿದ್ದು ನಾನು ನೋಡಿರ್ಲಿಲ್ಲ ಆಂಟಿ."

ಕ್ಯಾಂಟೀನಿನ ಮೂಲೆಯಲ್ಲಿ ತೇಜಶ್ರೀ ಕುಳಿತಿದ್ದಳು. ಮುಂದಿದ್ದ ಕಾಫಿಗೆ ಕೆನೆ ಕಟ್ಟಿತ್ತು. ಎಡ ಮಣಿಕಟ್ಟಿನ ಮೇಲೆ ಬಲಗೈಯ ಬೆರಳುಗಳು, ಕಣ್ಣು ಗೋಡೆ ಗಡಿಯಾರದ ಮೇಲೆ. ತಾಯಿ ಎದುರು ಕೂತದ್ದೂ ಒಂದು ಕ್ಷಣ ತಿಳಿಯಲಿಲ್ಲ.

ಇವಳು ಐದೂವರೆಯ ಬಸ್ಸಿನಲ್ಲಿ ಬಂದರೂ ಹೀಗೇ ಬರುತ್ತಾಳೆ, ಎನಿಸಿತು ನಾಗಲಕ್ಷ್ಮಿಗೆ.

"ತೇಜು, ನಿನ್ನ ದಿಂಬಲ್ಲಿ ಒಂದು ಸಾಮಾನು ಸಿಕ್ತು. ಆಯಸ್ಕಾಂತ. ಇಷ್ಟಗಲ."

ತೇಜಶ್ರೀ ನಿಧಾನವಾಗಿ ಮಣಿಕಟ್ಟು ಬಿಟ್ಟಳು. ಮುಖದ ಮೇಲೆ ಒಂದರ ಹಿಂದೆ ಒಂದು ಲೆಕ್ಕ ಹಾದುಹೋಗುವುದು ಕಂಡಿತು: ಬೋರಲು ಮಲಗುವುದು, ದಿಂಬು, ಶನಿವಾರಗಳು. ಆಮೇಲೆ ಡಾಕ್ಟರುಗಳು ಮೊದಲು ಕೇಳುವ ಪ್ರಶ್ನೆಯನ್ನೇ ಕೇಳಿದಳು.

"ಯಾವಾಗ ಸಿಕ್ತು?"

ಉತ್ತರ 'ಸೋಮವಾರ' ಎಂದು ಶುರುವಾಗಬೇಕಿತ್ತು.

"ಇವತ್ತು ಬೆಳಿಗ್ಗೆ. ದಿಂಬು ಬಿಸಿಲಿಗೆ ಹಾಕೋವಾಗ," ಎಂದಳು ನಾಗಲಕ್ಷ್ಮಿ. "ಅದಕ್ಕೇ ಓಡಿ ಬಂದೆ."

ತೇಜಶ್ರೀ ಮೇಜಿನ ಮೇಲೆ ತಲೆಯಿಟ್ಟಳು. ಅಳುತ್ತಿದ್ದಾಳೆಂದು ತಾಯಿ ಹೆದರಿದಳು. ಹುಡುಗಿ ನಗುತ್ತಿದ್ದಳು. ತಣ್ಣಗಾದ ಕಾಫಿಯನ್ನೇ ಎತ್ತಿ ಒಂದೇ ಗುಟುಕಿಗೆ ಕುಡಿದಳು, ಒಬ್ಬಟ್ಟಿನ ಡಬ್ಬಿ ತೆರೆದಳು, ಅಲ್ಲಿಂದಲೇ ಷಡಕ್ಷರಿಯವರಿಗೆ ಫೋನು ಮಾಡಿದಳು. ಆ ಕಡೆಯಿಂದ ಅವರ ನಗುವೂ ಕೇಳಿಸಿತು.

ಅಜ್ಜಿಯೇ ವೈರು, ಸೆಲ್ಲು ಇಲ್ಲವೆಂದು ನೋಡಿ ಆ ಬಿಲ್ಲೆ ತಂದು ಹೊಲಿದದ್ದೆಂದು ನಾಗಲಕ್ಷ್ಮಿ ಬಸ್ಸಿನಲ್ಲಿ ಹೇಳಿದಳು. ಸಂಜೆ ಇಬ್ಬರೂ ಮನೆ ಸೇರಿದರು. ಬೀರುವಿನಿಂದ ಬಿಲ್ಲೆ ತರಿಸಿ ತೇಜಶ್ರೀ ತಿರುವಿ ನೋಡಿದಳು. "ಅಮ್ಮ, ನನ್ನ ಕೈ ಹಿಡಿ. ಇಲ್ಲಿ, ಹೆಬ್ಬೆರಳ ಕೆಳಗೆ. ಸಿಕ್ತಾ? ಈಗ ನೋಡು. ಒಂದೇ ನಿಮಿಷ, ಡಾಕ್ಟ್ರೂ ಹೀಗೇ ಪರೀಕ್ಷೆ ಮಾಡ್ತಾರೆ." ಬಿಲ್ಲೆಯನ್ನು ಎಡ ಭುಜದ ಕೆಳಗೆ ತಂದಳು. ನಾಗಲಕ್ಷ್ಮಿಯ ಬೆರಳ ಕೆಳಗೆ ಮೆಲ್ಲಗೆ, ಉಸಿರಿನ ಜೊತೆ ಏರಿಳಿಯುತ್ತಿದ್ದ ಬಡಿತ ಒಮ್ಮೆಲೇ ಬಿಗಿಯಾಗಿ ನಡೆಯತೊಡಗಿತು. ಬಿಲ್ಲೆ ದೂರ ಹೋದೊಡನೆ ಮತ್ತೆ ಮೆತ್ತಗಾಯಿತು. ಇಷ್ಟು ವರ್ಷ ರಾತ್ರಿಯೆಲ್ಲ ಕಿವಿಗೊಟ್ಟು ಕೂತವಳು ಮಗಳ ನಾಡಿಯನ್ನು ಹೀಗೆ ಹಿಡಿದದ್ದು ಅದೇ ಮೊದಲು. ಕೈ ಬಿಡಲು ಮನಸ್ಸಾಗಲಿಲ್ಲ.

"ಅಜ್ಜೀ, ಬಾ ಇಲ್ಲಿ," ಎಂದು ತೇಜಶ್ರೀ ಕೂಗಿದಳು. ಹಜಾರದ ಕಂಬಕ್ಕೆ ಅಂಟಿಕೊಂಡು ನಿಂತಿದ್ದ ಮಾದಮ್ಮ ಎರಡು ಹೆಜ್ಜೆ ಮುಂದೆ ಬಂದಳು. "ಇವತ್ತು ಬೆಳಿಗ್ಗೆ ಅಮ್ಮ ದಿಂಬು ಬಿಸಿಲಿಗೆ ಹಾಕೋವಾಗ ಸಿಕ್ತಂತೆ. ಯಾವಾಗಿಂದ ಇಟ್ಟಿದ್ದೆ ಇದನ್ನ?"

"ಸಂಕ್ರಾಂತಿ ಆದ್ಮ್ಯಾಕೆ."

"ಇನ್ನೇನಾದ್ರೂ ಎಲ್ಲಾದ್ರೂ ಹೊಲಿದಿದೀಯಾ? ನನ್ನ ಚಪ್ಪಲಿ, ಕೋಟು, ಸ್ಟೆತಸ್ಕೋಪು?"

"ಇಲ್ಲ ಕಣವ್ವ, ನಿನ್ ಪಾದದಾಣೆ," ಎಂದು ಮುದುಕಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ತೇಜಶ್ರೀ ಎದ್ದು ಅವಳನ್ನು ತಬ್ಬಿಕೊಂಡಳು. "ನೀನು ಪಾಸಾದೆ ಅಜ್ಜಿ. ವೈರ್ ಇದೆಯಾ, ಸೆಲ್ ಇದೆಯಾ, ಎರಡೂ ನೋಡಿದೀಯ. ಸಿಲಬಸ್ಸೇ ಸರಿ ಇರ್ಲಿಲ್ಲ."

ಧರ್ಮೇಂದ್ರ ಬಂದಾಗ ಎಲ್ಲರೂ ಊಟಕ್ಕೆ ಕೂತಿದ್ದರು. ಏನು ಹೇಳುವುದು, ಎಷ್ಟು ಹೇಳುವುದು ಎಂದು ನಾಗಲಕ್ಷ್ಮಿ ಮಾತು ಜೋಡಿಸುತ್ತಿದ್ದಳು. ಅಷ್ಟರಲ್ಲಿ ಮಾದಮ್ಮನೇ ಬಾಯಿ ತೆರೆದಳು.

"ಲೋ ಧರ್ಮ, ಮಗೀನ ಗಡಿಯಾರ ಕೆಟ್ಟಿಲ್ಲ ಕಣ್ಲಾ. ನಾನು ಅದ್ರ ದಿಂಬಿಗೆ ಸೂಜಿಗಲ್ಲು ಇಟ್ಟಿದ್ದೆ. ಸೆಂಟ್ರಿಂದ ತಂದು. ಅದ್ಕೇ ಅಂಗಾಗ್ತಿತ್ತು."

ಧರ್ಮೇಂದ್ರನ ಕೈ ತಟ್ಟೆಯಲ್ಲೇ ನಿಂತಿತು. "ಏನಂದೆ? ನೀನಾ? ಅವತ್ತಿಂದ ನಾವು ಮೈಸೂರು ಅಂತ, ಮಿಷನ್ನು ಅಂತ ಎದೆ ಒಡ್ಕಂಡು ಸಾಯ್ತಾ ಇದ್ರೆ... ಬುದ್ಧಿ ಐತೇನವ್ವ ನಿಂಗೆ? ಮಗು ಜೀವ ಓಗಿದ್ರೆ?"

"ಬಯ್ಯಿ. ಬಯ್ದು ಮುಗಿಸಿ ಉಣ್ಣು."

"ಅಪ್ಪ, ಜೀವ ಹೋಗುವಂಥದ್ದಲ್ಲ ಅಂತ ಸರ್ ಹೇಳಿದಾರೆ..."

"ನೀನ್ ಸುಮ್ಕಿರು." ಅವನು ಹೆಂಡತಿಯ ಕಡೆ ತಿರುಗಿದ. "ಯಾವತ್ತು ಸಿಕ್ತು ಇದು? ನಿಂಗ್ಯಾವತ್ತು ಗೊತ್ತಾಯ್ತು?"

ನಾಗಲಕ್ಷ್ಮಿ ಖಾಲಿ ಲೋಟಕ್ಕೆ ನೀರು ಬಗ್ಗಿಸಿದಳು.

"ಈವತ್ತು ಬೆಳಿಗ್ಗೆ," ಎಂದಳು ಮಾದಮ್ಮ. "ದಿಂಬು ಬಿಸ್ಲಿಗೆ ಆಕ್ವಾಗ. ಸಿಕ್ಕಿದ್ ತಕ್ಷಣ ಬಸ್ ಅತ್ತಿ ಓಡ್ದ್ಳು ಪಾಪ, ತಿಂಡಿನೂ ತಿನ್ನಲಿಲ್ಲ."

ಸೊಸೆಯ ಕಡೆ ನೋಡದೆ ಹೇಳಿ, ಮಜ್ಜಿಗೆಯ ಲೋಟ ಎತ್ತಿಕೊಂಡಳು.

ಜಗಳ ಇನ್ನೂ ಸ್ವಲ್ಪ ಹೊತ್ತು ನಡೆಯಿತು. ಕೊನೆಗೆ ಧರ್ಮೇಂದ್ರ ಕೈತೊಳೆದು ಬಂದು ಮಗಳ ಲ್ಯಾಪ್‌ಟಾಪಿನ ಎದುರು ಕುಳಿತ. ಅವಳು ಪೆಥಾಲಜಿಯನ್ನು ಕೆಳಗೆ ಸರಿಸಿ, ಅರಿವಳಿಕೆಯನ್ನು ಮೊದಲನೆಯ ಸಾಲಿಗೆ ತರುವುದನ್ನು ನೋಡಿದ.

"ರಾತ್ರಿ ಡ್ಯೂಟಿ ಎಷ್ಟು ದಿನ?"

"ವಾರಕ್ಕೆ ಎರಡಾದ್ರೂ ಇರುತ್ತೆ."

"ಒತ್ತಲ್ಲದ ಒತ್ನಲ್ಲಿ ಬಿಟ್ರೆ ಈ ಕಡೆಗೆ ಬಸ್ಸಿಲ್ಲ."

"ಅಲ್ಲೇ ಇರ್ತೀನಪ್ಪ."

"ಗುಂಡಯ್ಯ ಮಾವಂಗೆ ಏನೇಳ್ಲಿ ಈಗ?"

"ಬಸ್ಸಿನ ರೂಟು ಬದಲಾಯ್ತು ಅನ್ನು."

ಅವನು ನಗಲಿಲ್ಲ. ಆದರೆ ಎದ್ದು ಹೋಗಲೂ ಇಲ್ಲ. ಅವಳು ಸಲ್ಲಿಸುವ ಗುಂಡಿ ಒತ್ತುವವರೆಗೂ ಪಕ್ಕದಲ್ಲೇ ಕುಳಿತಿದ್ದ.

ಅಡಿಗೆಮನೆಯಲ್ಲಿ ನಾಗಲಕ್ಷ್ಮಿ ಒಲೆ ಒರೆಸುತ್ತಿದ್ದಳು. ಮಾದಮ್ಮ ಪಕ್ಕದಲ್ಲಿ ನಿಂತು ನಾಳೆಗೆ ಅವರೆಕಾಳು ನೆನೆಹಾಕುತ್ತಿದ್ದಳು.

"ಅತ್ತೆ," ಎಂದಳು ನಾಗಲಕ್ಷ್ಮಿ. "ಸೋಮವಾರ..."

"ನಂಗೆ ವಾರ ಗೀರ ಗ್ಯಾಪಕ ಇರಾಕಿಲ್ಲ ಬುಡವ್ವ. ವಯಸ್ಸಾಯ್ತು." ಮಾದಮ್ಮ ಕಾಳಿಗೆ ಇನ್ನೊಂದು ಲೋಟ ನೀರು ಸುರಿದು, ತಟ್ಟೆ ಮುಚ್ಚಿ, ಮಲಗಲು ಹೋದಳು.

ಸ್ವಲ್ಪ ಹೊತ್ತಿಗೆ ತೇಜಶ್ರೀ ನೀರು ಕುಡಿಯಲು ಬಂದಳು. ಲೋಟ ಹಿಡಿದು ತಾಯಿಯನ್ನೇ ನೋಡುತ್ತಾ ನಿಂತಳು. "ಥ್ಯಾಂಕ್ಸ್ ಅಮ್ಮ. ನೀನು ಇವತ್ತು ಬರದೇ ಇದ್ದಿದ್ರೆ ನಾಳೆ ಅದನ್ನೇ ಒತ್ತಿಬಿಡ್ತಿದ್ದೆ. ಅದು ಸಿಕ್ಕಿದ ತಕ್ಷಣ ಬಂದ್ಯಲ್ಲ."

ಒರೆಸಿದ್ದ ಒಲೆಯನ್ನು ನಾಗಲಕ್ಷ್ಮಿ ಇನ್ನೊಮ್ಮೆ ಒರೆಸಿದಳು. ಹೇಳಿದರೆ ಮಗಳು ಕ್ಷಮಿಸುತ್ತಾಳೆ, ಅದರಲ್ಲಿ ಅನುಮಾನವಿರಲಿಲ್ಲ. ಆದರೆ ಮುಂದೆ ಅವಳು ಯಾವ ಊರಿನಲ್ಲಿದ್ದರೂ, ತಾನು ಫೋನು ಮಾಡಿ 'ಎದೆ ಹೇಗಿದೆ' ಎಂದು ಕೇಳಿದಾಗ, ಉತ್ತರ ಕೊಡುವ ಮೊದಲು ಹುಡುಗಿ ಒಂದು ಗಳಿಗೆ ಯೋಚಿಸುತ್ತಾಳೆ.

"ಏನಮ್ಮ, ಏನೋ ಹೇಳೋ ಹಾಗಿದೀಯ?"

"ಏನಿಲ್ಲ. ಬಟ್ಟೆ ಹಿಂಡೋಕ್ಕೆ ಶಕ್ತಿ ಇಲ್ಲ ಇವತ್ತು," ಎಂದಳು ನಾಗಲಕ್ಷ್ಮಿ.

ತೇಜಶ್ರೀ ಅವಳ ಕೈಯಿಂದ ಒರೆಸುವ ಬಟ್ಟೆ ತೆಗೆದುಕೊಂಡು, ನಲ್ಲಿಯ ಕೆಳಗೆ ಹಿಂಡಿ, ಹರವಿ ಹಾಕಿ ಹೋದಳು. ಸೋಮವಾರದಿಂದ ಶುಕ್ರವಾರದವರೆಗಿನ ಆ ದಿನಗಳನ್ನು ನಾಗಲಕ್ಷ್ಮಿ ಯಾರಿಗೂ ಹೇಳಬಾರದೆಂದು ತೀರ್ಮಾನಿಸಿದಳು. ಮಗಳ ಕೋಣೆಯ ದೀಪ ಆರಿದ ಮೇಲೆ ಅಡಿಗೆಮನೆಯದನ್ನೂ ಆರಿಸಿದಳು.